ಹುಬ್ಬಿನ ಗಂಟು ಬಿಚ್ಚುವ ಚುಚ್ಚುಮದ್ದು: ಬಾಳಿಕೆ ಎಷ್ಟು ದಿನ?

ಕೆಲವು ತಿಂಗಳ ಹಿಂದೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದ ಪ್ರೌಢಶಾಲಾ ಅಧ್ಯಾಪಕಿಯೊಬ್ಬರು ಥೈರಾಯ್ಡ್ ಮಾತ್ರೆಯ ಚೀಟಿ ಬರೆಸಿಕೊಂಡ ಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ‘ಡಾಕ್ಟರೇ, ಹುಬ್ಬಿನ ನಡುವಿನ ಸುಕ್ಕಿಗೆ ಇಂಜೆಕ್ಷನ್ ತೆಗೆದುಕೊಂಡಿದ್ದೆ. ಆರು ತಿಂಗಳು ಇರುತ್ತದೆ ಎಂದಿದ್ದರು. ಐದೇ ವಾರಕ್ಕೆ ಹೋಯಿತು. ನನ್ನ ಚರ್ಮದಲ್ಲೇ ಏನಾದರೂ ದೋಷವಿದೆಯೇ?’ ಎಂದು ಕೇಳಿದರು.

ಅವರ ಚರ್ಮದಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಎಲ್ಲಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ನಾನು ಈ ಚುಚ್ಚುಮದ್ದು ಕೊಡುವವನಲ್ಲ. ಜ್ವರ, ಕೆಮ್ಮು, ರಕ್ತದೊತ್ತಡ ನೋಡುವ ಸಾಮಾನ್ಯ ವೈದ್ಯ. ಆದರೆ ಚುಚ್ಚಿಸಿಕೊಂಡವರು, ಚುಚ್ಚಿಸಿಕೊಳ್ಳಬೇಕೆಂದಿರುವವರು ಮನೆಯವರಿಗೂ ಹೇಳದ ಸಂಗತಿಯನ್ನು ಮೊದಲು ಹೇಳುವುದು ತಮ್ಮ ಮಾಮೂಲಿ ವೈದ್ಯರಿಗೇ. ಹಿಂದೆ ಚಿತ್ರರಂಗದವರ ಮಾತಾಗಿದ್ದ ಬೊಟಾಕ್ಸ್ ಈಗ ಜಿಲ್ಲಾ ಕೇಂದ್ರಗಳ ಚರ್ಮವೈದ್ಯರ ಬಳಿಯೂ ಸಿಗುತ್ತದೆ. ಆದ್ದರಿಂದ ಇದರ ಬಗ್ಗೆ ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ವಿಷವೇ ಮದ್ದಾದ ಬಗೆ

ಈ ಮದ್ದಿನ ಮೂಲ ಒಂದು ಭಯಂಕರ ವಿಷ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಗಾಳಿ ಸೋಕದ ಕಡೆ ಬೆಳೆದು ಈ ವಿಷವನ್ನು ಉತ್ಪಾದಿಸುತ್ತದೆ. 1820ರ ದಶಕದಲ್ಲಿ ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್ ಕೆಟ್ಟ ಮಾಂಸದ ಸಾಸೇಜ್ ತಿಂದವರಲ್ಲಿ ಕಾಣುತ್ತಿದ್ದ ಪಾರ್ಶ್ವವಾಯುವನ್ನು ವಿವರವಾಗಿ ಬರೆದಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಬೊಟುಲಸ್ ಎಂದರೆ ಸಾಸೇಜ್. ಹೆಸರು ಬಂದದ್ದು ಅಲ್ಲಿಂದ. 1895ರಲ್ಲಿ ಬೆಲ್ಜಿಯಂನ ಎಲ್ಲೆಜೆಲ್ಸ್ ಎಂಬ ಊರಿನಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದವರು ಕೆಟ್ಟ ಹಂದಿಮಾಂಸ ತಿಂದು ಕಾಯಿಲೆ ಬಿದ್ದು ಮೂವರು ಸತ್ತರು. ಆ ಮಾಂಸದಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದವರು ಎಮಿಲ್ ವಾನ್ ಎರ್ಮೆಂಗೆಮ್.

ಇಂಥ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಿಗಿದ ಸ್ನಾಯುವಿಗೆ ಚುಚ್ಚಿದರೆ ಆ ಸ್ನಾಯು ಮಾತ್ರ ಸಡಿಲವಾದೀತು ಎಂದು ಯೋಚಿಸಿದವರು ಸ್ಯಾನ್‌ಫ್ರಾನ್ಸಿಸ್ಕೋದ ನೇತ್ರವೈದ್ಯ ಅಲನ್ ಸ್ಕಾಟ್. ಅವರ ಗುರಿ ಸೌಂದರ್ಯವಲ್ಲ, ಮೆಳ್ಳೆಗಣ್ಣು. 1989ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ಮದ್ದಿಗೆ ಒಪ್ಪಿಗೆ ಕೊಟ್ಟದ್ದೂ ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆಗಳು ತಾವಾಗಿ ಬಿಗಿದುಕೊಳ್ಳುವ ಕಾಯಿಲೆಗೆ. ಕೆನಡಾದ ವ್ಯಾಂಕೂವರ್‌ನಲ್ಲಿ ನೇತ್ರವೈದ್ಯೆ ಜೀನ್ ಕರುದರ್ಸ್ ಅವರ ಬಳಿ ರೆಪ್ಪೆಯ ಬಿಗಿತಕ್ಕೆ ಚುಚ್ಚಿಸಿಕೊಳ್ಳುತ್ತಿದ್ದ ಮಹಿಳೆಯೊಬ್ಬರು 1987ರಲ್ಲಿ ಹುಬ್ಬಿನ ನಡುವೆಯೂ ಚುಚ್ಚುವಂತೆ ಕೇಳಿದರು. ಅಲ್ಲಿ ಚುಚ್ಚಿದಾಗ ತಮ್ಮ ಮುಖದ ಬಿಗುವು ಹೋಗಿ ಪ್ರಸನ್ನವಾಗಿ ಕಾಣುತ್ತದೆ ಎಂಬುದು ಅವರ ಅನುಭವ. ಜೀನ್ ಅವರ ಪತಿ ಅಲಸ್ಟೇರ್ ಚರ್ಮವೈದ್ಯರು. ದಂಪತಿ 1992ರಲ್ಲಿ ಈ ಬಗ್ಗೆ ಲೇಖನ ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ಎಷ್ಟು ದಿನ, ಏಕೆ ಅಷ್ಟೇ ದಿನ?

ನೀವು ಹುಬ್ಬು ಗಂಟಿಕ್ಕಿದಾಗ ಮೆದುಳಿನ ಆಜ್ಞೆ ನರದ ಮೂಲಕ ಸ್ನಾಯುವಿನವರೆಗೆ ಬರುತ್ತದೆ. ನರದ ತುದಿ ಸ್ನಾಯುವಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಬಹು ಸಣ್ಣ ಸಂದಿಯಿದೆ. ನರದ ತುದಿಯಿಂದ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕ ಹೊರಬಿದ್ದು ಸಂದಿ ದಾಟಿದರೆ ಮಾತ್ರ ಸ್ನಾಯು ಸಂಕುಚಿಸುತ್ತದೆ. ಬೊಟುಲಿನಂ ಮದ್ದು ನರದ ತುದಿಯೊಳಗೆ ಸೇರಿ, ಈ ರಾಸಾಯನಿಕವನ್ನು ಹೊರಗೆ ಬಿಡಲು ಬೇಕಾದ ಒಂದು ಪ್ರೋಟೀನನ್ನು ತುಂಡರಿಸುತ್ತದೆ. ಕಂಬದವರೆಗೆ ವಿದ್ಯುತ್ತಿದೆ, ಫ್ಯೂಸ್ ಕಿತ್ತಿದೆ ಎಂಬಂಥ ಸ್ಥಿತಿ. ನರ ಸಾಯುವುದಿಲ್ಲ, ಸ್ನಾಯುವೂ ಸಾಯುವುದಿಲ್ಲ, ಅವುಗಳ ಸಂಪರ್ಕ ಮಾತ್ರ ಕೆಲಕಾಲ ಕಡಿದುಹೋಗುತ್ತದೆ.

ಚುಚ್ಚಿದ ಕೂಡಲೇ ಏನೂ ಕಾಣುವುದಿಲ್ಲ. ಎರಡು ಮೂರು ದಿನಗಳಲ್ಲಿ ಹುಬ್ಬು ಗಂಟಿಕ್ಕುವುದು ಕಷ್ಟವಾಗತೊಡಗುತ್ತದೆ. ಪೂರ್ಣ ಪರಿಣಾಮ ಕಾಣಲು ಎರಡು ವಾರ ಬೇಕು. ನಾಲ್ಕನೆಯ ದಿನವೇ ‘ಇನ್ನೂ ಸ್ವಲ್ಪ ಹಾಕಿ’ ಎಂದು ಹೋಗಿ ಕುಳಿತುಕೊಳ್ಳಬೇಡಿ. ಕಡಿಮೆಯಾಗಿದೆಯೋ ಹೆಚ್ಚಾಗಿದೆಯೋ ಎಂದು ತೀರ್ಮಾನಿಸುವುದು ಎರಡು ವಾರದ ಮೇಲೆಯೇ.

ಅಲ್ಲಿಂದ ಮುಂದೆ ದೇಹ ಸುಮ್ಮನೆ ಕೂರುವುದಿಲ್ಲ. ಕೊಂಬೆ ಕಡಿದ ಮರದ ಬುಡದಲ್ಲಿ ಚಿಗುರೊಡೆಯುವಂತೆ ನರದ ತುದಿ ಸಣ್ಣ ಸಣ್ಣ ಕವಲುಗಳನ್ನು ಬಿಟ್ಟು ಸ್ನಾಯುವನ್ನು ಮತ್ತೆ ಮುಟ್ಟಲು ಯತ್ನಿಸುತ್ತದೆ. ಆಮೇಲೆ ಮೂಲ ತುದಿಯೇ ಚೇತರಿಸಿಕೊಂಡು ಕೆಲಸ ವಹಿಸಿಕೊಳ್ಳುತ್ತದೆ, ಚಿಗುರುಗಳು ಹಿಂದೆ ಸರಿಯುತ್ತವೆ. ಇಲಿಗಳ ನರಗಳಲ್ಲಿ ಇದನ್ನು ಹಂತಹಂತವಾಗಿ ನೋಡಿ 1999ರಲ್ಲಿ ಪ್ರಕಟಿಸಿದ್ದಾರೆ. ಮನುಷ್ಯನ ಹುಬ್ಬಿನಲ್ಲಿ ಈ ಚೇತರಿಕೆ ಹೊರಗೆ ಕಾಣಲು ಸಾಮಾನ್ಯವಾಗಿ ಮೂರರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಅದೇ ಮದ್ದಿನ ಬಾಳಿಕೆ. ಎಲ್ಲರಿಗೂ ‘ಆರು ತಿಂಗಳು ಗ್ಯಾರಂಟಿ’ ಎನ್ನುವವರ ಮಾತನ್ನು ನಂಬಬೇಡಿ. ಸುಮಾರು ಆರು ತಿಂಗಳು ನಿಲ್ಲುವ ಡಾಕ್ಸಿಫೈ ಎಂಬ ಹೊಸ ಬಗೆಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಅದರ ಮಾತು ಬೇರೆ.

ಜಾಗ ಬದಲಾದರೆ ಅವಧಿಯೂ ಬದಲಾಗುತ್ತದೆ. ತುಟಿಯ ಸುತ್ತ ಕೊಡುವ ಪ್ರಮಾಣ ಕಡಿಮೆ, ಬಾಯಿಗಂತೂ ಬಿಡುವೇ ಇಲ್ಲ. ಅಲ್ಲಿ ಬೇಗ ಇಳಿಯುತ್ತದೆ. ಇದೇ ಮದ್ದನ್ನು ವಿಪರೀತ ಬೆವರುವವರ ಕಂಕುಳಿಗೆ ಕೊಟ್ಟರೆ ಆರೇಳು ತಿಂಗಳು ನಿಲ್ಲುವುದುಂಟು.

ಮದ್ದು ಇಳಿದುಹೋಗುತ್ತದೆ ಎಂದು ಬೇಸರಪಡುವವರಿಗೆ ನಾನು ಹೇಳುವುದಿಷ್ಟು: ಇಳಿದುಹೋಗುವುದೇ ಇದರ ದೊಡ್ಡ ಗುಣ. ಕೈತಪ್ಪಿ ಪಕ್ಕದ ಸ್ನಾಯುವಿಗೆ ಹೋದರೂ, ಹುಬ್ಬು ಸೊಟ್ಟಗಾದರೂ, ರೆಪ್ಪೆ ಜೋತುಬಿದ್ದರೂ ಅದು ಶಾಶ್ವತವಲ್ಲ. ಎಂದೆಂದೂ ಇಳಿಯದ ಮದ್ದಾಗಿದ್ದರೆ ನಾನು ಯಾರಿಗೂ ಹೂಂ ಎನ್ನುತ್ತಿರಲಿಲ್ಲ.

ಹಳೆಯ ಸೀರೆಯ ಮಡಿಕೆ

ಸುಕ್ಕುಗಳಲ್ಲಿ ಎರಡು ಬಗೆ. ಕನ್ನಡಿಯ ಮುಂದೆ ನಿಂತು ಮುಖವನ್ನು ಸಡಿಲ ಬಿಡಿ. ಗೆರೆ ಕಾಣದಿದ್ದು, ಗಂಟಿಕ್ಕಿದಾಗ ಮಾತ್ರ ಕಂಡರೆ ಅದು ಸ್ನಾಯುವಿನ ಗೆರೆ. ಚುಚ್ಚುಮದ್ದು ಅದನ್ನು ಚೆನ್ನಾಗಿ ಅಳಿಸುತ್ತದೆ. ಸುಮ್ಮನಿದ್ದಾಗಲೂ ಗೆರೆ ಉಳಿದಿದ್ದರೆ ಚರ್ಮದಲ್ಲೇ ಅಚ್ಚು ಬಿದ್ದಿದೆ ಎಂದರ್ಥ. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ರೇಷ್ಮೆ ಸೀರೆಯನ್ನು ಬಿಡಿಸಿ ಹರವಿದರೂ ಮಡಿಕೆಯ ಗೆರೆ ಹೋಗುವುದಿಲ್ಲವಲ್ಲ, ಹಾಗೆ. ಮದ್ದು ಮಡಿಸುವುದನ್ನು ನಿಲ್ಲಿಸಬಹುದು; ಬಿದ್ದ ಗೆರೆಯನ್ನು ಪೂರ್ತಿ ತೆಗೆಯಲಾರದು. ‘ಒಂದು ಸಲಕ್ಕೆ ಹೋಗಲಿಲ್ಲ, ಮದ್ದು ಸರಿಯಿಲ್ಲ’ ಎಂದು ದೂರುವವರಲ್ಲಿ ಅನೇಕರದು ಈ ಎರಡನೆಯ ಬಗೆ.

ಈ ಅಚ್ಚು ಬೀಳುವುದು ಸ್ನಾಯುವಿನಿಂದ ಮಾತ್ರವಲ್ಲ. ಬಿಸಿಲು ಮತ್ತು ಸಿಗರೇಟು ಚರ್ಮದ ಬಿಗಿಯನ್ನು ಕೆಡಿಸುತ್ತವೆ. ನಮ್ಮಲ್ಲಿ ಗಂಡಸರು ಮಳೆಗೆ ಮಾತ್ರ ಕೊಡೆ ಹಿಡಿಯುತ್ತಾರೆ, ಬಿಸಿಲಿಗೆ ಹಿಡಿಯಲು ಅದೇನೋ ನಾಚಿಕೆ. ಸಾವಿರಾರು ರೂಪಾಯಿ ಕೊಟ್ಟು ಸ್ನಾಯುವಿಗೆ ವಿಶ್ರಾಂತಿ ಕೊಡಿಸಿ ನಡುಮಧ್ಯಾಹ್ನ ಬರಿತಲೆಯಲ್ಲಿ ತಿರುಗಿದರೆ ಪ್ರಯೋಜನ ಅರ್ಧ.

ಬಹುಕಾಲ ಮುಂದುವರಿಸಿದವರಲ್ಲಿ ಏನಾಗುತ್ತದೆ ಎಂಬುದಕ್ಕೆ 2006ರಲ್ಲಿ ಪ್ರಕಟವಾದ ಒಂದು ಸ್ವಾರಸ್ಯಕರ ವರದಿಯಿದೆ. ಅವರಿಬ್ಬರು ತದ್ರೂಪಿ ಅವಳಿ ಸೋದರಿಯರು. ಒಬ್ಬರು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 13 ವರ್ಷ ಕಾಲ ವರ್ಷಕ್ಕೆ ಎರಡು ಮೂರು ಬಾರಿ ಚುಚ್ಚಿಸಿಕೊಂಡಿದ್ದರು. ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ಇನ್ನೊಬ್ಬರು ಅಷ್ಟು ವರ್ಷಗಳಲ್ಲಿ ಎರಡೇ ಬಾರಿ. ಮುಖ ಸುಮ್ಮನಿದ್ದಾಗ ಮೊದಲಿನವರ ಹಣೆಯಲ್ಲಿ ಅಚ್ಚಾದ ಗೆರೆ ಇರಲಿಲ್ಲ, ಎರಡನೆಯವರಲ್ಲಿ ಇತ್ತು. ಇದು ಒಂದು ಜೋಡಿಯ ಕಥೆ ಮಾತ್ರ, ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ. ಆದರೂ ಮಡಿಸುವುದನ್ನು ನಿಲ್ಲಿಸಿದರೆ ಮಡಿಕೆ ಮೂಡುವುದಿಲ್ಲ ಎಂಬ ತರ್ಕಕ್ಕೆ ಹೊಂದುತ್ತದೆ. ಹಾಗೆಂದು ನಡುವೆ ನಿಲ್ಲಿಸಿದರೆ ಸುಕ್ಕು ಮೊದಲಿಗಿಂತ ಹೆಚ್ಚಾಗುತ್ತದೆ ಎಂಬ ಭಯ ಬೇಡ. ಮುಖ ಮೊದಲಿದ್ದ ಸ್ಥಿತಿಗೆ ಮರಳುತ್ತದೆ, ಅಷ್ಟೆ.

ಕೆನ್ನೆಯ ಕುಳಿ, ಮೂಗಿನಿಂದ ಬಾಯಿಯವರೆಗಿನ ಆಳವಾದ ಗೆರೆ ಇವಕ್ಕೆ ಕೊಡುವುದು ಬೇರೆಯೇ ಚುಚ್ಚುಮದ್ದು. ಅದು ಫಿಲ್ಲರ್, ಹಳ್ಳ ತುಂಬುವ ವಸ್ತು. ಅದರ ಬಾಳಿಕೆ ಬೇರೆ, ಅಪಾಯಗಳೂ ಬೇರೆ. ಎರಡನ್ನೂ ಬೊಟಾಕ್ಸ್ ಎಂದೇ ಕರೆಯುವ ರೂಢಿ ಬೆಳೆದಿದೆ, ಯಾವುದನ್ನು ಚುಚ್ಚುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ.

ಎಂ.ಎಲ್. ಅಲ್ಲ, ಯೂನಿಟ್

ಈಗ ಅಧ್ಯಾಪಕಿಯ ವಿಷಯಕ್ಕೆ ಬರೋಣ. ಎಲ್ಲಿ ಚುಚ್ಚಿಸಿಕೊಂಡಿರಿ ಎಂದು ಕೇಳಿದೆ. ಬ್ಯೂಟಿ ಪಾರ್ಲರ್ ಒಂದರಲ್ಲಿ ಭಾನುವಾರ ‘ಕ್ಯಾಂಪ್’ ಇತ್ತಂತೆ. ಬೇರೆ ಊರಿನಿಂದ ಒಬ್ಬರು ಬಂದಿದ್ದರು. ಅವರು ವೈದ್ಯರೇ ಅಲ್ಲವೇ ಎಂದು ಇವರು ಕೇಳಲಿಲ್ಲ. ಮದ್ದನ್ನು ಮೊದಲೇ ಸಿರಿಂಜಿಗೆ ಎಳೆದು ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ರಸೀದಿಯಲ್ಲಿ ‘ಬೊಟಾಕ್ಸ್, ಅರ್ಧ ಎಂ.ಎಲ್.’ ಎಂದಷ್ಟೇ ಇತ್ತು. ನಲವತ್ತು ಮಕ್ಕಳ ಉತ್ತರಪತ್ರಿಕೆಯನ್ನು ಅಕ್ಷರ ಅಕ್ಷರ ನೋಡುವವರು ಈ ರಸೀದಿಯನ್ನು ನೋಡಿರಲಿಲ್ಲ.

ಈ ಮದ್ದನ್ನು ಅಳೆಯುವುದು ಯೂನಿಟ್‌ಗಳಲ್ಲಿ. ಸೀಸೆಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಒಣಮದ್ದು ಅಂಟಿರುತ್ತದೆ, ಬೊಟಾಕ್ಸ್ ಆದರೆ 50 ಅಥವಾ 100 ಯೂನಿಟ್. ವೈದ್ಯರು ಅದಕ್ಕೆ ಸಲೈನ್ ಬೆರೆಸಿ ಕರಗಿಸುತ್ತಾರೆ. 100 ಯೂನಿಟ್‌ಗೆ 2.5 ಎಂ.ಎಲ್. ಬೆರೆಸಿದರೆ ಅರ್ಧ ಎಂ.ಎಲ್.ನಲ್ಲಿ 20 ಯೂನಿಟ್ ಇರುತ್ತದೆ. ಹುಬ್ಬಿನ ನಡುವೆ ಐದು ಕಡೆ ನಾಲ್ಕು ನಾಲ್ಕು ಯೂನಿಟ್‌ನಂತೆ ಕೊಡುವ ನಿಗದಿತ ಪ್ರಮಾಣ ಇದೇ. ಅದೇ ಸೀಸೆಗೆ 10 ಎಂ.ಎಲ್. ಬೆರೆಸಿದರೆ ಅರ್ಧ ಎಂ.ಎಲ್.ನಲ್ಲಿ ಐದೇ ಯೂನಿಟ್. ಹಾಲಿಗೆ ನೀರು ಬೆರೆಸಿದ ಲೆಕ್ಕ. ಲೋಟ ತುಂಬಿದೆ, ಹಾಲಿಲ್ಲ. ಆದ್ದರಿಂದ ‘ಎಷ್ಟು ಯೂನಿಟ್?’ ಎಂಬುದು ನೀವು ಕೇಳಬೇಕಾದ ಮೊದಲ ಪ್ರಶ್ನೆ.

ಇಲ್ಲೂ ಒಂದು ತೊಡಕಿದೆ. ಒಂದು ಕಂಪನಿಯ ಯೂನಿಟ್ ಇನ್ನೊಂದು ಕಂಪನಿಯ ಯೂನಿಟ್‌ಗೆ ಸಮವಲ್ಲ. ಬೊಟಾಕ್ಸ್‌ನಲ್ಲಿ 20 ಯೂನಿಟ್ ಕೊಡುವ ಜಾಗಕ್ಕೆ ಡಿಸ್ಪೋರ್ಟ್ ಎಂಬ ಮದ್ದಿನಲ್ಲಿ 50 ಯೂನಿಟ್ ಬೇಕು. ಗೆಳತಿಗೆ 50, ನನಗೆ 20 ಮಾತ್ರ ಕೊಟ್ಟರು ಎಂದು ಜಗಳವಾಡುವ ಮುಂಚೆ ಮದ್ದಿನ ಹೆಸರು ನೋಡಿ.

ಎರಡನೆಯದು ತಂಪು. ಬೊಟಾಕ್ಸ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಕರಗಿಸಿದ ಮೇಲೆ ಅದೇ ತಂಪಿನಲ್ಲಿಟ್ಟು 24 ಗಂಟೆಗಳೊಳಗೆ ಬಳಸಬೇಕೆಂದು ತಯಾರಕರು ಸೂಚಿಸುತ್ತಾರೆ. ಆರೋಗ್ಯ ಕಾರ್ಯಕರ್ತೆಯರು ಪೋಲಿಯೊ ಹನಿಯನ್ನು ಐಸ್ ಪೆಟ್ಟಿಗೆಯಲ್ಲಿ ಜೋಪಾನವಾಗಿ ಹೊತ್ತು ತರುವುದನ್ನು ನೀವು ನೋಡಿದ್ದೀರಿ. ಅದಕ್ಕಿಂತ ಎಷ್ಟೋ ಪಾಲು ದುಬಾರಿಯಾದ ಮದ್ದು ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನಲ್ಲಿ, ಕೈಚೀಲದಲ್ಲಿ ಬಂದಿದ್ದರೆ ಅದರ ಶಕ್ತಿ ಉಳಿದಿರುತ್ತದೆ ಎಂದು ಹೇಗೆ ನಂಬುವುದು?

ಹೀಗಾಗಿ ಅಧ್ಯಾಪಕಿಗೆ ಐದು ವಾರ ನಿಂತದ್ದೇ ಹೆಚ್ಚು ಎನ್ನಬೇಕು. ನಿಮ್ಮ ಕಣ್ಣೆದುರಿಗೇ ಸೀಸೆ ತೆರೆಯಲು ಕೇಳಿ. ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಕೊಟ್ಟ ಯೂನಿಟ್ ಇವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಸರಿಯಾದ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ.

ದುರ್ಬಲ ಮದ್ದಿನಿಂದ ಹಣ ಹೋಯಿತು ಎನ್ನಬಹುದು. ಕಳ್ಳಮಾಲಿನಿಂದ ಪ್ರಾಣಕ್ಕೇ ಸಂಚಕಾರ. 2004ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮನುಷ್ಯರಿಗಲ್ಲದ, ಪ್ರಯೋಗಾಲಯದ ವಿಷವನ್ನು ಸುಕ್ಕಿಗೆಂದು ಚುಚ್ಚಿ ನಾಲ್ವರು ಪೂರ್ಣ ಪಾರ್ಶ್ವವಾಯುವಿಗೆ ತುತ್ತಾಗಿ ಉಸಿರಾಟದ ಯಂತ್ರದ ಆಸರೆಯಲ್ಲಿ ಬದುಕಬೇಕಾಯಿತು. 2024ರಲ್ಲಿ ಅದೇ ದೇಶದ ಹಲವು ರಾಜ್ಯಗಳಲ್ಲಿ ನಕಲಿ ಬೊಟಾಕ್ಸ್‌ನಿಂದ ಜನ ಆಸ್ಪತ್ರೆ ಸೇರಿದರು. ಚುಚ್ಚಿಸಿಕೊಂಡ ಕೆಲವು ಗಂಟೆಗಳಿಂದ ಹಿಡಿದು ಕೆಲವು ವಾರಗಳೊಳಗೆ ನುಂಗಲು ಕಷ್ಟ, ಮಾತು ತೊದಲುವುದು, ಒಂದು ಎರಡಾಗಿ ಕಾಣುವುದು, ಉಸಿರು ಸಾಲದಿರುವುದು ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲಿ ಎಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ, ಚುಚ್ಚಿಸಿಕೊಂಡ ವಿಷಯವನ್ನು ಮುಚ್ಚಿಡದೆ ಹೇಳಿ.

ಇನ್ನುಳಿದ ಕಾರಣಗಳು

ಮದ್ದು ಸರಿಯಾಗಿದ್ದೂ ಬೇಗ ಇಳಿಯುವುದುಂಟು. ದಪ್ಪ, ಬಲವಾದ ಸ್ನಾಯುವಿಗೆ ಹೆಚ್ಚು ಮದ್ದು ಬೇಕು. ಗಂಡಸರಿಗೆ ಸಾಮಾನ್ಯವಾಗಿ ಹೆಂಗಸರಿಗಿಂತ ಹೆಚ್ಚಿನ ಪ್ರಮಾಣ ಬೇಕಾಗುವುದು ಇದೇ ಕಾರಣಕ್ಕೆ. ಮೊದಲ ಸಲಕ್ಕಿಂತ ಮೂರು ನಾಲ್ಕನೆಯ ಸಲ ತುಸು ಹೆಚ್ಚು ದಿನ ನಿಂತಿತು ಎನ್ನುವವರಿದ್ದಾರೆ. ಕೆಲಸವಿಲ್ಲದ ಸ್ನಾಯು ಸ್ವಲ್ಪ ಸಣಕಲಾಗುತ್ತದೆ, ಗಂಟಿಕ್ಕುವ ಅಭ್ಯಾಸವೂ ತಪ್ಪುತ್ತದೆ. ಆದರೆ ಮೂರು ತಿಂಗಳಿಗೆ ಮುಂಚೆ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬಾರದು. ಮದ್ದು ಒಂದು ಪ್ರೋಟೀನ್. ಪದೇ ಪದೇ ಒಳಹೊಕ್ಕರೆ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಂಡು ಮುಂದೆ ಮದ್ದು ನಾಟದಂತೆ ಮಾಡಬಹುದು. ಸುಕ್ಕಿಗೆ ಕೊಡುವ ಸಣ್ಣ ಪ್ರಮಾಣದಲ್ಲಿ ಇದು ಅಪರೂಪ.

ಚುಚ್ಚಿಸಿಕೊಂಡ ದಿನ ಆ ಜಾಗವನ್ನು ಉಜ್ಜಬೇಡಿ. ಫೇಶಿಯಲ್, ಎಣ್ಣೆ ಹಚ್ಚಿ ತಲೆ ತಿಕ್ಕಿಸಿಕೊಳ್ಳುವುದು ಬೇಡ. ನಾಲ್ಕು ಗಂಟೆ ಮಲಗಬೇಡಿ, ಅಂದು ಶೀರ್ಷಾಸನ, ಸರ್ವಾಂಗಾಸನ ಬಿಡಿ ಎಂದೂ ಹೇಳುವುದುಂಟು. ಇವು ಬಾಳಿಕೆ ಹೆಚ್ಚಿಸುವ ಉಪಾಯಗಳಲ್ಲ. ಮದ್ದು ಪಕ್ಕದ ಸ್ನಾಯುವಿಗೆ ಸರಿಯದಿರಲಿ ಎಂಬ ಎಚ್ಚರಿಕೆ. ಹುಬ್ಬಿನ ಮದ್ದು ರೆಪ್ಪೆ ಎತ್ತುವ ಸ್ನಾಯುವನ್ನು ತಲುಪಿದರೆ ರೆಪ್ಪೆ ಜೋತುಬೀಳುತ್ತದೆ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ಯಾರು ದೂರವಿರಬೇಕು?

ಗರ್ಭಿಣಿಯರು, ಎದೆಹಾಲು ಕುಡಿಸುವವರು, ಚುಚ್ಚುವ ಜಾಗದಲ್ಲಿ ಸೋಂಕಿರುವವರು ಮುಂದೂಡಬೇಕು. ಆಸ್ಪಿರಿನ್ ಮುಂತಾದ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಚುಚ್ಚಿದಲ್ಲಿ ನೀಲಿಗಟ್ಟುವುದು ಹೆಚ್ಚು. ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ಸುಕ್ಕಿಗಾಗಿ ನೀವಾಗಿಯೇ ನಿಲ್ಲಿಸಬೇಡಿ. ಜೆಂಟಾಮೈಸಿನ್, ಅಮಿಕಾಸಿನ್ ಜಾತಿಯ ಜೀವನಿರೋಧಕಗಳು ಮದ್ದಿನ ಪರಿಣಾಮವನ್ನು ಹೆಚ್ಚಿಸಬಲ್ಲವು, ಅವುಗಳ ಚಿಕಿತ್ಸೆ ನಡೆಯುತ್ತಿದ್ದರೆ ತಿಳಿಸಿ.

ನರ ಮತ್ತು ಸ್ನಾಯುವಿನ ಸಂಪರ್ಕವೇ ದುರ್ಬಲವಾಗಿರುವ ಮಯಸ್ತೀನಿಯಾ ಗ್ರೇವಿಸ್‌ನಂಥ ಕಾಯಿಲೆಯವರಿಗೆ ಸುಕ್ಕಿನ ಆಸೆಗೆ ಈ ಮದ್ದು ಬೇಡವೇ ಬೇಡ. ಇದನ್ನು ಪುಸ್ತಕದಲ್ಲಿ ಓದಿದ್ದ ನನಗೆ ಅದರ ಬೆಲೆ ತಿಳಿಸಿದವರು ರಕ್ತದೊತ್ತಡದ ಮಾತ್ರೆಗೆ ಬರುತ್ತಿದ್ದ ಬ್ಯಾಂಕ್ ನೌಕರರೊಬ್ಬರು. ಹಣೆಯ ಅಡ್ಡಗೆರೆಗಳಿಗೆ ಬೊಟಾಕ್ಸ್ ತೆಗೆದುಕೊಳ್ಳಲು ದಿನ ಗೊತ್ತುಮಾಡಿಕೊಂಡಿದ್ದೇನೆ, ರಕ್ತದೊತ್ತಡಕ್ಕೆ ತೊಂದರೆಯಿಲ್ಲವಷ್ಟೆ ಎಂದು ಕೇಳಿದರು. ಸಂಜೆ ಏಳರ ಸಮಯ. ಅವರ ಹುಬ್ಬುಗಳು ಯಾವಾಗಲೂ ಮೇಲೆತ್ತಿಕೊಂಡೇ ಇದ್ದವು. ಹಣೆಯನ್ನು ಕೈಯಿಂದ ಒತ್ತಿ ಹಿಡಿದು ಕಣ್ಣು ತೆರೆಯಲು ಹೇಳಿದೆ. ಎಡರೆಪ್ಪೆ ಅರ್ಧಕ್ಕೇ ನಿಂತಿತು. ಬೆಳಿಗ್ಗೆ ಚೆನ್ನಾಗಿರುತ್ತದೆ, ಸಂಜೆಯಾದರೆ ಭಾರ, ರಾತ್ರಿ ಊಟದಲ್ಲಿ ಚಪಾತಿ ಅಗಿಯುವಾಗ ದವಡೆ ಸೋಲುತ್ತದೆ ಎಂದು ಕೇಳಿದ ಮೇಲೆ ಹೇಳಿದರು. ಅವರ ಹಣೆಯ ಗೆರೆ ವಯಸ್ಸಿನದಾಗಿರಲಿಲ್ಲ. ಬೀಳುವ ರೆಪ್ಪೆಯನ್ನು ಹಣೆಯ ಸ್ನಾಯು ದಿನವಿಡೀ ಎತ್ತಿ ಹಿಡಿದದ್ದರ ಗುರುತಾಗಿತ್ತು. ನರರೋಗ ತಜ್ಞರು ಪರೀಕ್ಷಿಸಿ ಮಯಸ್ತೀನಿಯಾ ಎಂದು ಖಚಿತಪಡಿಸಿದರು. ಈಗ ಚಿಕಿತ್ಸೆಯಲ್ಲಿದ್ದಾರೆ. ಆ ಹಣೆಗೆ ಮದ್ದು ಬಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಇಂದಿಗೂ ಭಯವಾಗುತ್ತದೆ.

ಅಧ್ಯಾಪಕಿಯನ್ನು ನಾನು ಮೊದಲು ಕಳಿಸಿದ್ದು ಕಣ್ಣಿನ ವೈದ್ಯರ ಬಳಿಗೆ. ನಲವತ್ತೇಳು ವರ್ಷ, ಕನ್ನಡಕವಿಲ್ಲ, ನನ್ನ ಚೀಟಿಯನ್ನು ತೋಳುದ್ದಕ್ಕೆ ಹಿಡಿದು ಹುಬ್ಬು ಗಂಟಿಕ್ಕಿ ಓದುತ್ತಿದ್ದರು. ಓದುವ ಕನ್ನಡಕ ಬಂದ ಮೇಲೆ ಗಂಟಿಕ್ಕುವುದು ಅರ್ಧ ಕಡಿಮೆಯಾಗಿದೆ. ಉಳಿದ ಅರ್ಧಕ್ಕೆ ಮಗಳ ಮದುವೆಯ ಹೊತ್ತಿಗೆ ಮತ್ತೆ ಚುಚ್ಚಿಸಿಕೊಳ್ಳುವ ಆಸೆ ಅವರಿಗಿದೆ. ಬೇಡ ಎನ್ನಲು ನನಗೆ ಕಾರಣವಿಲ್ಲ. ಈ ಸಲ ಚರ್ಮವೈದ್ಯರ ವಿಳಾಸವನ್ನು ನಾನೇ ಬರೆದುಕೊಟ್ಟೆ. ಮದುವೆಗೆ ಒಂದು ತಿಂಗಳು ಮುಂಚೆ ಹೋಗಿ ಎಂದಿದ್ದೇನೆ. ಎರಡು ವಾರ ಮದ್ದು ಪೂರ್ತಿ ಹಿಡಿಯಲು, ಇನ್ನೆರಡು ವಾರ ಹೆಚ್ಚುಕಡಿಮೆಯಾದರೆ ಸರಿಪಡಿಸಲು. ಮದುವೆಯ ಹಿಂದಿನ ದಿನ ಚುಚ್ಚಿಸಿಕೊಂಡರೆ ಧಾರೆಯ ಹೊತ್ತಿಗೆ ಸುಕ್ಕು ಹಾಗೇ ಇರುತ್ತದೆ, ಜೊತೆಗೆ ಫೋಟೋದಲ್ಲಿ ಹಣೆಯ ಮೇಲೆ ಎರಡು ನೀಲಿ ಚುಕ್ಕೆ.